‘ಪೇಜ್ ಅಲೊಕೇಶನ್ ಫೇಲ್ಯೂರ್’ ಎಂದು ಬಂದರೆ ಫೋನು, ರೂಟರ್ ಕೆಟ್ಟಿತು ಎಂದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಅಡಿಕೆ ಧಾರಣೆಯ ಸಂದೇಶಕ್ಕೆ ಕಾಯದವರು ಕಡಿಮೆ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಎಷ್ಟು ಎಂದು ಮೂರೂ ಮಾರುಕಟ್ಟೆಯ ದರ ನೋಡಿಯೇ ಮುಂದಿನ ಮಾತು. ಅದರ ಹಿಂದೆಯೇ ಬೇರೆ ಫಾರ್ವರ್ಡ್‌ಗಳೂ ಬರುತ್ತವೆ. ‘ನಿಮ್ಮ ನೆಟ್ ನಿಧಾನವೇ? ಫೋನಿನ ಮೆಮೊರಿ ಫೇಲ್ ಆಗುತ್ತಿದೆ. ಕೂಡಲೇ ಈ ಕ್ಲೀನರ್ ಹಾಕಿಕೊಳ್ಳಿ’ ಎಂಬ ಧಾಟಿಯವು. ಕೆಲವೊಮ್ಮೆ ಜೊತೆಗೆ ಕಪ್ಪು ಪರದೆಯ ಮೇಲೆ ‘ಪೇಜ್ ಅಲೊಕೇಶನ್ ಫೇಲ್ಯೂರ್’ ಎಂಬ ಸಾಲೂ, ಅದರ ಕೆಳಗೆ ಅರ್ಥವಾಗದ ಅಂಕಿ ಅಕ್ಷರಗಳ ರಾಶಿಯೂ ಇರುವ ಚಿತ್ರ.

ಆ ಸಾಲು ಸುಳ್ಳಲ್ಲ. ನಿಮ್ಮ ಫೋನು, ಮನೆಯ ವೈಫೈ ರೂಟರ್, ಬ್ಯಾಂಕಿನ ಸರ್ವರ್ ಇವುಗಳಲ್ಲಿ ಹೆಚ್ಚಿನವನ್ನು ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ನಿಜವಾಗಿಯೂ ಹಾಗೆ ಬರೆಯುತ್ತದೆ. ಆದರೆ ಅದಕ್ಕೆ ಫಾರ್ವರ್ಡ್ ಕಟ್ಟಿದ ಅರ್ಥ ತಪ್ಪು.

ಚುಟುಕಾಗಿ ಹೇಳುವುದಾದರೆ: ಅದು ‘ಕೆಟ್ಟುಹೋದೆ’ ಎಂಬ ಕೂಗಲ್ಲ. ‘ಈ ಕ್ಷಣಕ್ಕೆ ಕೇಳಿದಷ್ಟು ಜಾಗ ಸಿಗಲಿಲ್ಲ’ ಎಂಬ ವರದಿ. ಒಮ್ಮೊಮ್ಮೆ ಬಂದರೆ ಚಿಂತೆಯಿಲ್ಲ. ಪದೇಪದೇ ಬಂದರೆ ಕಾರಣ ಹುಡುಕಬೇಕು. ಕ್ಲೀನರ್ ಆ್ಯಪ್ ಮಾತ್ರ ಎರಡೂ ಸಂದರ್ಭದಲ್ಲಿ ಮದ್ದಲ್ಲ.

ಮೆಮೊರಿ ಅಂದರೆ ಯಾವ ಮೆಮೊರಿ?

ನಾವು ‘ಮೆಮೊರಿ ಫುಲ್’ ಎನ್ನುವುದು ಸಾಮಾನ್ಯವಾಗಿ ಫೋಟೊ, ವಿಡಿಯೊ ತುಂಬುವ ಜಾಗಕ್ಕೆ. 64 ಜಿಬಿ, 128 ಜಿಬಿ ಎಂದು ಡಬ್ಬಿಯ ಮೇಲೆ ಬರೆದಿರುತ್ತದಲ್ಲ, ಅದು. ಇದು ಸ್ಟೋರೇಜ್. ಶುಭೋದಯದ ಚಿತ್ರಗಳು ಹೋಗಿ ಕೂರುವುದು ಇಲ್ಲಿ.

ಇನ್ನೊಂದು ರ‍್ಯಾಮ್. 4 ಜಿಬಿ, 6 ಜಿಬಿ, 8 ಜಿಬಿ ಎನ್ನುವುದು ಇದನ್ನು. ಸ್ಟೋರೇಜ್ ಅಟ್ಟವಾದರೆ ರ‍್ಯಾಮ್ ಅಂಗಳ. ಅಟ್ಟದಲ್ಲಿ ಸಾಮಾನು ವರ್ಷಗಟ್ಟಲೆ ಇರುತ್ತದೆ. ಅಂಗಳದಲ್ಲಿ ಈಗ ನಡೆಯುತ್ತಿರುವ ಕೆಲಸ ಇರುತ್ತದೆ. ಕೆಲಸ ಮುಗಿದರೆ ಗುಡಿಸಿ ಇನ್ನೊಂದಕ್ಕೆ ಬಳಸುತ್ತೇವೆ.

ಎಚ್ಚರಿಕೆಯ ಸಾಲು ಮಾತಾಡುವುದು ರ‍್ಯಾಮ್ ಬಗ್ಗೆ ಮಾತ್ರ. ಹಾಗಾಗಿ ಸಾವಿರ ಫೋಟೊ ಅಳಿಸಿದರೂ ಆ ಸಾಲಿನ ಮೇಲೆ ಅದರ ಪರಿಣಾಮ ಇರುವುದಿಲ್ಲ.

ನೆಟ್‌ಗೂ ರ‍್ಯಾಮ್‌ಗೂ ಏನು ನಂಟು?

ಇಂಟರ್‌ನೆಟ್‌ನಲ್ಲಿ ಬರುವ ವಿಡಿಯೊ ಒಂದೇ ಉದ್ದದ ನದಿಯಂತೆ ಬರುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಇವುಗಳಿಗೆ ಪ್ಯಾಕೆಟ್ ಎನ್ನುತ್ತಾರೆ. ಒಂದು ಪ್ಯಾಕೆಟ್‌ನ ಗಾತ್ರ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್. ಅಂದರೆ 1 ಜಿಬಿಯ ಸಿನಿಮಾ ಇಳಿಸಿಕೊಂಡರೆ ಸುಮಾರು 7 ಲಕ್ಷ ಪ್ಯಾಕೆಟ್‌ಗಳು ನಿಮ್ಮ ಸಾಧನದ ಬಾಗಿಲಿಗೆ ಬಂದಂತೆ.

ಬಂದ ಪ್ರತಿ ಪ್ಯಾಕೆಟ್ಟನ್ನೂ ಮೊದಲು ರ‍್ಯಾಮ್‌ನಲ್ಲಿ ಎಲ್ಲಾದರೂ ಇಳಿಸಿಕೊಳ್ಳಬೇಕು. ಆಮೇಲೆ ಅದು ವಾಟ್ಸಾಪ್‌ಗೆ ಸೇರಿದ್ದೋ ಯೂಟ್ಯೂಬ್‌ಗೋ ಎಂದು ನೋಡಿ ಕಳಿಸಬೇಕು. ಈ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್‌ನ ಒಳಗಿನ ತಿರುಳಾದ ಕರ್ನೆಲ್. ಅದು ರ‍್ಯಾಮನ್ನು ‘ಪೇಜ್’ ಎಂಬ ಸಮ ತುಂಡುಗಳಾಗಿ ಲೆಕ್ಕ ಇಡುತ್ತದೆ. ಬಹುತೇಕ ಸಾಧನಗಳಲ್ಲಿ ಒಂದು ಪೇಜ್ ಎಂದರೆ 4 ಕೆಬಿ. ಪೇಜ್ ಕೇಳಿದಾಗ ಸಿಗದಿದ್ದರೆ ಬರುವ ಮಾತೇ ‘ಪೇಜ್ ಅಲೊಕೇಶನ್ ಫೇಲ್ಯೂರ್’. ಪುಟ ಹಂಚಿಕೆ ಆಗಲಿಲ್ಲ ಎಂದರ್ಥ.

ಕಾಯಲು ಪುರುಸೊತ್ತಿಲ್ಲದ ಕೆಲಸ

ಜಾಗ ಇಲ್ಲದಿದ್ದರೆ ಸ್ವಲ್ಪ ಕಾದು ಕೇಳಬಾರದೇ? ಉಳಿದ ಕೆಲಸಗಳು ಹಾಗೆಯೇ ಮಾಡುತ್ತವೆ. ನೀವು ಕ್ಯಾಮೆರಾ ತೆರೆದಾಗ ರ‍್ಯಾಮ್ ಸಾಲದಿದ್ದರೆ ಕರ್ನೆಲ್ ಆ ಕೆಲಸವನ್ನು ಒಂದು ಗಳಿಗೆ ನಿಲ್ಲಿಸಿ, ಬಳಕೆಯಲ್ಲಿಲ್ಲದ್ದನ್ನು ತೆರವು ಮಾಡಿ, ಆಮೇಲೆ ಜಾಗ ಕೊಡುತ್ತದೆ. ನಿಮಗೆ ಕಾಣುವುದು ಅರೆಕ್ಷಣದ ತಡ, ಅಷ್ಟೇ.

ಪ್ಯಾಕೆಟ್ ಬಂದಾಗ ಹಾಗಲ್ಲ. ಆಗ ನೆಟ್‌ವರ್ಕ್ ಚಿಪ್ ಪ್ರೊಸೆಸರ್‌ನ ಭುಜ ತಟ್ಟಿ, ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಡಿಸಿ ಕರೆಯುತ್ತದೆ. ಅಂಥ ಹೊತ್ತಿನಲ್ಲಿ ನಡೆಯುವ ಕೋಡ್ ನಿದ್ದೆ ಮಾಡುವಂತಿಲ್ಲ, ಕಾಯುವಂತಿಲ್ಲ. ‘ಈಗ ಕೊಡು, ಇಲ್ಲವೇ ಇಲ್ಲ ಎನ್ನು’ ಎಂದೇ ಕೇಳಬೇಕು. ಲಿನಕ್ಸ್‌ನಲ್ಲಿ ಇಂಥ ಕೋರಿಕೆಗೆ ‘ಜಿಎಫ್‌ಪಿ ಅಟಾಮಿಕ್’ ಎಂಬ ಗುರುತು ಹಾಕುತ್ತಾರೆ.

ಇಂಥವರಿಗೆಂದೇ ಕರ್ನೆಲ್ ಸ್ವಲ್ಪ ಮೀಸಲು ಜಾಗ ಇಟ್ಟುಕೊಂಡಿರುತ್ತದೆ. ಮನೆಯಲ್ಲಿ ಕಾರ್ಯ ಇದ್ದಾಗ ಕೊನೆ ಗಳಿಗೆಯಲ್ಲಿ ಬರುವ ನೆಂಟರಿಗೆಂದು ನಾಲ್ಕು ಬಾಳೆಲೆ ಎತ್ತಿಡುವುದಿಲ್ಲವೇ, ಹಾಗೆ. ಆದರೆ ಒಮ್ಮೆಲೇ ಇಪ್ಪತ್ತು ಜನ ಬಂದಿಳಿದರೆ ಎತ್ತಿಟ್ಟ ಎಲೆಯೂ ಸಾಲದು. ಪ್ಯಾಕೆಟ್‌ಗಳು ಹಿಂಡಾಗಿ ಬಂದು ಮೀಸಲೂ ಮುಗಿದಾಗ ಆಗುವುದು ಅದೇ.

ಜಾಗ ಇದೆ, ಒಟ್ಟಿಗಿಲ್ಲ

ಈ ಎಚ್ಚರಿಕೆ ನೋಡಿದವರಿಗೆ ಗೊಂದಲವಾಗುವ ಸಂಗತಿ ಒಂದಿದೆ. ರ‍್ಯಾಮ್ ಇನ್ನೂ ಖಾಲಿ ಇದೆ ಎಂದು ಲೆಕ್ಕ ತೋರಿಸುತ್ತಿರುತ್ತದೆ. ಆದರೂ ಜಾಗ ಸಿಗಲಿಲ್ಲ ಎಂದು ಸಾಲು ಬರುತ್ತದೆ. ಸುಳ್ಳು ಹೇಳುತ್ತಿರುವುದು ಯಾರು?

ಯಾರೂ ಅಲ್ಲ. ಮದುವೆಮನೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಇಲ್ಲೊಂದು ಎಲೆ ಖಾಲಿ, ಅಲ್ಲೆರಡು ಖಾಲಿ, ಆ ಮೂಲೆಯಲ್ಲಿ ಮತ್ತೊಂದು. ಒಟ್ಟು ಎಣಿಸಿದರೆ ಹದಿನೈದು ಎಲೆ ಇದೆ. ಆದರೆ ‘ನಾವು ಎಂಟು ಮಂದಿ, ಸಾಲಾಗಿ ಒಟ್ಟಿಗೇ ಕೂರಬೇಕು’ ಎಂದು ಬಂದವರಿಗೆ ಜಾಗವಿಲ್ಲ.

ರ‍್ಯಾಮ್‌ನಲ್ಲೂ ಹೀಗೇ ಚೂರುಚೂರಾಗುತ್ತದೆ. ಎಚ್ಚರಿಕೆಯ ಸಾಲಿನಲ್ಲಿ ‘ಆರ್ಡರ್’ ಎಂಬ ಪದದ ಮುಂದೆ ಒಂದು ಅಂಕಿ ಇರುತ್ತದೆ. 0 ಎಂದಿದ್ದರೆ ಕೇಳಿದ್ದು ಒಂದೇ ಪೇಜ್. 1 ಇದ್ದರೆ ಒತ್ತಾಗಿರುವ 2 ಪೇಜ್, 2 ಇದ್ದರೆ 4, 3 ಇದ್ದರೆ 8. ಅಂದರೆ 3 ಎಂದಿದ್ದರೆ 32 ಕೆಬಿಯಷ್ಟು ಒಂದಕ್ಕೊಂದು ಅಂಟಿಕೊಂಡ ಜಾಗ ಬೇಕಿತ್ತು ಎಂದರ್ಥ.

ಇಡೀ ಸಾಲಿನಲ್ಲಿ ಹೆಚ್ಚು ಉಪಯೋಗದ ಅಂಕಿ ಇದೇ. 0 ಇದ್ದೂ ಸಿಗಲಿಲ್ಲ ಎಂದರೆ ಆ ಕ್ಷಣಕ್ಕೆ ನಿಜವಾದ ಕೊರತೆ. 2, 3 ಇದ್ದರೆ ಬಹುಮಟ್ಟಿಗೆ ಚದುರಿದ ಜಾಗದ ತೊಂದರೆ.

ಬಿಟ್ಟುಹೋದ ಪ್ಯಾಕೆಟ್ ಏನಾಯಿತು?

ಜಾಗ ಸಿಗದ ಪ್ಯಾಕೆಟ್ಟನ್ನು ಕರ್ನೆಲ್ ಕೈಬಿಡುತ್ತದೆ. ಕೇಳಲು ಭಯವಾಗುತ್ತದೆ, ಆದರೆ ಇಂಟರ್‌ನೆಟ್ ಕಟ್ಟಿದವರು ಪ್ಯಾಕೆಟ್ ಕಳೆಯುತ್ತದೆ ಎಂದು ಮೊದಲೇ ಎಣಿಸಿದ್ದರು. 1981ರಲ್ಲೇ ಗೊತ್ತುಮಾಡಿದ ಟಿಸಿಪಿ ಎಂಬ ಕಟ್ಟಳೆಯಲ್ಲಿ ಪ್ರತಿ ತುಂಡಿಗೂ ಲೆಕ್ಕವಿದೆ. ‘ತಲುಪಿತು’ ಎಂಬ ಉತ್ತರ ಬಾರದಿದ್ದರೆ ಕಳಿಸಿದವರು ಮತ್ತೆ ಕಳಿಸುತ್ತಾರೆ. ನಿಮ್ಮ ಧಾರಣೆಯ ಸಂದೇಶದಲ್ಲಿ ಒಂದು ಅಂಕಿಯೂ ಅದಲುಬದಲಾಗುವುದಿಲ್ಲ. ಬ್ಯಾಂಕ್ ವ್ಯವಹಾರದಲ್ಲಿ ಸೊನ್ನೆ ಕಳೆದುಹೋಗುವುದಿಲ್ಲ.

ಫೋನ್ ಕರೆ, ನೇರ ವಿಡಿಯೊ ಮಾತುಕತೆಗಳಲ್ಲಿ ಮಾತ್ರ ಬೇರೆ ರೀತಿ. ಅರ್ಧ ಸೆಕೆಂಡ್ ಹಿಂದಿನ ಧ್ವನಿಯನ್ನು ಈಗ ಮತ್ತೆ ತರಿಸಿ ಪ್ರಯೋಜನವಿಲ್ಲ. ಅಲ್ಲಿ ಹೋದದ್ದು ಹೋಯಿತು. ನಿಮಗೆ ಒಂದಕ್ಷರ ನುಂಗಿದಂತೆ ಕೇಳುತ್ತದೆ.

ಹಾಗಾದರೆ ತೊಂದರೆಯೇ ಇಲ್ಲವೇ? ಇದೆ. ಪ್ಯಾಕೆಟ್ ಕಳೆದರೆ ದಾರಿಯಲ್ಲಿ ದಟ್ಟಣೆ ಇದೆ ಎಂದು ಟಿಸಿಪಿ ತಿಳಿಯುತ್ತದೆ ಮತ್ತು ತನ್ನ ವೇಗ ಇಳಿಸುತ್ತದೆ. ಏಳು ಲಕ್ಷದಲ್ಲಿ ನಾಲ್ಕು ಕಳೆದರೆ ಗೊತ್ತೇ ಆಗದು. ನಿಮಿಷಕ್ಕೊಮ್ಮೆ ಹಿಂಡುಹಿಂಡಾಗಿ ಕಳೆಯುತ್ತಿದ್ದರೆ ಮನೆಯ ನೆಟ್ ತೆವಳುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಎಚ್ಚರಿಕೆ ಬಂತೇ’ ಎಂದಲ್ಲ. ‘ಎಷ್ಟು ಸಲ ಬಂತು’ ಎಂದು.

ಎಚ್ಚರಿಕೆಯನ್ನೇ ಅಡಗಿಸಿದರೆ?

ಜನ ಹೆದರುತ್ತಾರೆ ಎಂದಾದರೆ ಆ ಸಾಲು ಬರೆಯದಿದ್ದರಾಯಿತು ಎನಿಸಬಹುದು. ಹಾಗೆ ಬಾಯಿ ಮುಚ್ಚಿಸುವ ಸೌಲಭ್ಯ ಲಿನಕ್ಸ್‌ನಲ್ಲಿ ಇದೆ. ಕೋರಿಕೆಯ ಜೊತೆ ‘ನೋ ವಾರ್ನ್’ ಎಂಬ ಗುರುತು ಹಾಕಿದರೆ ಜಾಗ ಸಿಗದಿದ್ದರೂ ಕರ್ನೆಲ್ ಸದ್ದು ಮಾಡುವುದಿಲ್ಲ. ಈ ಗುರುತನ್ನು ಎಲ್ಲಿ ಹಾಕಬೇಕು, ಎಲ್ಲಿ ಕೂಡದು ಎಂಬುದು ನೆಟ್‌ವರ್ಕ್ ಕೋಡ್ ಬರೆಯುವವರ ನಡುವೆ ಮತ್ತೆಮತ್ತೆ ಏಳುವ ಪ್ರಶ್ನೆ. ಅದನ್ನು ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು, ಇನ್ನೊಂದು ದಾರಿ ಇರುವಾಗ. ಫೋನಿನಿಂದ ಮಾಹಿತಿ ಹೊರಗೆ ಕಳಿಸುವಾಗ ಕರ್ನೆಲ್ ಮೊದಲು 32 ಕೆಬಿಯ ದೊಡ್ಡ ತುಂಡು ಕೇಳುತ್ತದೆ. ಸಿಗದಿದ್ದರೆ 4 ಕೆಬಿಯ ಒಂದು ಪೇಜ್ ತೆಗೆದುಕೊಂಡು ಕೆಲಸ ಮುಂದುವರಿಸುತ್ತದೆ. ಎಂಟು ಎಲೆ ಒಟ್ಟಿಗೆ ಇಲ್ಲದಿದ್ದರೆ ಬಿಡಿಬಿಡಿಯಾಗಿ ಕೂತು ಉಂಡಂತೆ. ಇಲ್ಲಿ ಮೊದಲ ಕೋರಿಕೆ ಸೋತದ್ದಕ್ಕೆ ಕೂಗಾಡುವುದು ಬರೀ ಗದ್ದಲ. ಅದಕ್ಕೇ ಆ ಜಾಗದಲ್ಲಿ ‘ನೋ ವಾರ್ನ್’ ಹಾಕಿದ್ದಾರೆ. ಅದು ಸರಿ.

ಎರಡನೆಯದು, ಬೇರೆ ದಾರಿ ಇಲ್ಲದೆ ಪ್ಯಾಕೆಟ್ ಬಿಡಬೇಕಾದಾಗ. ಇಲ್ಲಿ ಸುಮ್ಮನಿದ್ದರೆ ನೆಟ್ ಏಕೆ ನಿಧಾನ ಎಂಬುದು ಯಾರಿಗೂ ತಿಳಿಯುವುದಿಲ್ಲ. ಹಾಗೆಂದು ಪ್ರತಿ ಪ್ಯಾಕೆಟ್‌ಗೂ ಒಂದೊಂದು ಪುಟದ ವರದಿ ಬರೆದರೆ ಬರೆಯುವುದರಲ್ಲೇ ಸಾಧನ ಸುಸ್ತಾಗುತ್ತದೆ. ಅದಕ್ಕೆ ಎರಡು ಉಪಾಯ. ಬಿಟ್ಟ ಪ್ಯಾಕೆಟ್‌ಗಳ ಲೆಕ್ಕವನ್ನು ಮೌನವಾಗಿ ಬೇರೆ ಕಡೆ ಎಣಿಸುತ್ತಾ ಹೋಗುವುದು ಒಂದು. ಎಚ್ಚರಿಕೆಯನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಬರೆಯುವುದು ಇನ್ನೊಂದು. ಹಾಗಾಗಿ ಲಾಗ್‌ನಲ್ಲಿ ಒಂದು ಸಾಲು ಕಂಡರೆ ಕಳೆದ ಪ್ಯಾಕೆಟ್ ಒಂದೇ ಎಂದೂ ಅಲ್ಲ. ನಿಜವಾದ ಲೆಕ್ಕ ಎಣಿಕೆಯಲ್ಲಿರುತ್ತದೆ.

ಮೂರನೆಯದು, ಜಾಗ ಸಿಗಲಿಲ್ಲ ಎಂಬುದನ್ನು ನೋಡದೆಯೇ ಮುಂದೆ ಹೋಗುವ ಕೋಡ್. ಎಲ್ಲಕ್ಕಿಂತ ಅಪಾಯ ಇದು. ‘ಇಲ್ಲ’ ಎಂಬ ಉತ್ತರ ಬಂದದ್ದನ್ನು ಗಮನಿಸದೆ, ಇಲ್ಲದ ಜಾಗದಲ್ಲಿ ಬರೆಯಲು ಹೋದರೆ ಸಾಧನವೇ ಕುಸಿದು ಮತ್ತೆ ಶುರುವಾಗಬಹುದು. ಇಲ್ಲಿ ತಿದ್ದಬೇಕಾದದ್ದು ಕೋಡನ್ನು. ಎಚ್ಚರಿಕೆ ಅಡಗಿಸಿದರೆ ರೋಗ ಒಳಗೇ ಉಳಿಯುತ್ತದೆ. ಇಂಥ ತಪ್ಪು ಹಿಡಿಯಲೆಂದೇ, ಬೇಕೆಂದೇ ಜಾಗ ಕೊಡದೆ ಕೋಡನ್ನು ಪರೀಕ್ಷಿಸುವ ವ್ಯವಸ್ಥೆ ಲಿನಕ್ಸ್‌ನ ಒಳಗೇ ಇದೆ.

ಎಚ್ಚರಿಕೆ ಇದ್ದದ್ದು ಒಳ್ಳೆಯದೇ ಆಯಿತು ಎನ್ನಲು 2009ರ ಒಂದು ಸಂದರ್ಭ ಸಾಕು. ಲಿನಕ್ಸ್‌ನ 2.6.31 ಆವೃತ್ತಿ ಬಂದ ಮೇಲೆ ಲ್ಯಾಪ್‌ಟಾಪ್‌ಗಳ ವೈಫೈ ಡ್ರೈವರ್‌ನಿಂದ ಇಂಥ ಸಾಲುಗಳು ಹೆಚ್ಚಾಗಿವೆ ಎಂದು ಬಳಕೆದಾರರು ದೂರಿದರು. ಮೆಲ್ ಗೋರ್ಮನ್ ಮೊದಲಾದವರು ಬೆನ್ನುಹತ್ತಿ ಹುಡುಕಿದಾಗ ವೈಫೈ ಭಾಗದ ಆಚೆಗೂ ನೋಡಬೇಕಾಯಿತು. ಮೆಮೊರಿ ಹಂಚುವ ಭಾಗದಲ್ಲಿ ಆಗಿದ್ದ ಬದಲಾವಣೆಗಳು ಕಂಡವು, ತಿದ್ದುಪಡಿಗಳು ಬಂದವು. ಆ ಸಾಲುಗಳನ್ನು ಮೊದಲೇ ಅಡಗಿಸಿದ್ದರೆ? ‘ಯಾಕೋ ವೈಫೈ ನಿಧಾನ’ ಎಂಬ ಗೊಣಗಾಟ ಉಳಿಯುತ್ತಿತ್ತು, ಅಷ್ಟೇ.

ಲಾಗ್ ಓದುವಾಗ ಆಗುವ ತಪ್ಪುಗಳು

ಸಾಲಿನ ಮೊದಲಿಗೆ ಒಂದು ಹೆಸರು ಇರುತ್ತದೆ. ಅಲ್ಲಿ ಯಾವುದೋ ಆ್ಯಪ್‌ನ ಹೆಸರು ಕಂಡರೆ ‘ಇದೇ ಕಳ್ಳ’ ಎಂದು ತೀರ್ಮಾನಿಸುವುದು ಮೊದಲ ತಪ್ಪು. ಪ್ಯಾಕೆಟ್ ಬಂದಾಗ ಪ್ರೊಸೆಸರ್ ಯಾವ ಕೆಲಸದಲ್ಲಿತ್ತೋ ಅದರ ಹೆಸರು ಅಲ್ಲಿ ಬೀಳುತ್ತದೆ. ಬಾಗಿಲಲ್ಲಿ ನಿಂತಿದ್ದವನ ಹೆಸರು ಬರೆದುಕೊಂಡಂತೆ. ಅನೇಕ ಸಲ ಅಲ್ಲಿ ‘ಸ್ವಾಪರ್’ ಎಂದಿರುತ್ತದೆ. ಅದನ್ನು ವೈರಸ್ ಎಂದು ತಿಳಿಯಬೇಡಿ. ಪ್ರೊಸೆಸರ್‌ಗೆ ಬೇರೆ ಕೆಲಸವಿಲ್ಲದೆ ಸುಮ್ಮನಿತ್ತು ಎಂಬುದಕ್ಕೆ ಲಿನಕ್ಸ್ ಇಟ್ಟ ಹೆಸರು ಅದು.

ಕೆಳಗಿನ ಉದ್ದನೆಯ ಪಟ್ಟಿ ನೋಡಿ ಫೋನು ಕುಸಿದಿದೆ ಎಂದುಕೊಳ್ಳುವುದು ಎರಡನೆಯ ತಪ್ಪು. ಕುಸಿದಾಗಲೂ ಇಂಥದೇ ಪಟ್ಟಿ ಬರುವುದರಿಂದ ಈ ಗೊಂದಲ. ಇಲ್ಲಿ ಅದು ಕೋರಿಕೆ ಯಾವ ದಾರಿಯಲ್ಲಿ ಬಂತು, ಆಗ ರ‍್ಯಾಮ್ ಎಷ್ಟಿತ್ತು ಎಂಬ ವಿವರ. ಅದನ್ನು ಬರೆದ ಮೇಲೂ ಸಾಧನ ನಡೆಯುತ್ತಲೇ ಇರುತ್ತದೆ.

ನಮ್ಮ ಕಡೆ ನೆಟ್ ಕೈಕೊಡುವುದು ಏಕೆ?

ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ನೆಟ್ ನಿಧಾನ ಎಂದರೆ ರ‍್ಯಾಮ್ ಮೇಲೆ ಅನುಮಾನ ಪಡುವುದಕ್ಕಿಂತ ಮೊದಲು ಕಿಟಕಿಯ ಹೊರಗೆ ನೋಡುವುದು ಒಳ್ಳೆಯದು. ಗುಡ್ಡ, ಕಣಿವೆ, ದಟ್ಟ ಕಾಡು, ಅಲ್ಲೊಂದು ಇಲ್ಲೊಂದು ಮನೆ. ಟವರ್‌ನಿಂದ ಬರುವ ಅಲೆಗಳಿಗೆ ಗುಡ್ಡವೇ ಗೋಡೆ. 2020ರ ಲಾಕ್‌ಡೌನ್‌ನಲ್ಲಿ ಶಿರಸಿ ತಾಲೂಕಿನ ವಿದ್ಯಾರ್ಥಿಯೊಬ್ಬ ಆನ್‌ಲೈನ್ ತರಗತಿಗಾಗಿ ಮರವೇರಿ ಕೂತದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಅವನ ಫೋನಿಗೆ ಯಾವ ಕ್ಲೀನರ್ ಹಾಕಿದ್ದರೂ ಮರ ಹತ್ತುವುದು ತಪ್ಪುತ್ತಿರಲಿಲ್ಲ. ಏಕೆಂದರೆ ಬಾರದ ಪ್ಯಾಕೆಟ್‌ಗೆ ಜಾಗ ಮಾಡಿಟ್ಟು ಏನೂ ಆಗದು.

ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ, ಕರೆಂಟು ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ಇಡೀ ಊರಿಗೇ ನೆಟ್ ಇಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಂಥ ಜನಜಂಗುಳಿಯಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಫೋಟೊ ಹೋಗದಿರಬಹುದು. ಸಾವಿರಾರು ಫೋನುಗಳು ಅದೇ ಟವರ್ ಹಂಚಿಕೊಂಡಿರುತ್ತವೆ. ಇವ್ಯಾವುದಕ್ಕೂ ನಿಮ್ಮ ಫೋನಿನ ಮೆಮೊರಿ ಹೊಣೆಯಲ್ಲ.

ಕ್ಲೀನರ್ ಆ್ಯಪ್ ಏನು ಮಾಡುತ್ತದೆ?

ಆಂಡ್ರಾಯ್ಡ್ ನೀವು ಬಳಸಿ ಬಿಟ್ಟ ಆ್ಯಪ್‌ಗಳನ್ನು ಬೇಕೆಂದೇ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ತೆರೆದಾಗ ಬೇಗ ಬರಲಿ ಎಂದು. ಜಾಗ ಸಾಲದಾದಾಗ ತಾನೇ ಅವುಗಳನ್ನು ತೆಗೆದುಹಾಕುತ್ತದೆ. ಖಾಲಿ ಬಿದ್ದ ರ‍್ಯಾಮ್‌ನಿಂದ ನಿಮಗೆ ಲಾಭವಿಲ್ಲ.

ಕ್ಲೀನರ್ ಆ್ಯಪ್ ಅವನ್ನೆಲ್ಲ ಒಮ್ಮೆಲೇ ಮುಚ್ಚಿ ‘ಇಷ್ಟು ಎಂಬಿ ಉಳಿಸಿದೆ’ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಸ್ವಲ್ಪ ಹೊತ್ತಿಗೆ ಅವು ಮತ್ತೆ ಮೊದಲಿನಿಂದ ತೆರೆದುಕೊಳ್ಳುತ್ತವೆ. ಅದಕ್ಕೆ ಬ್ಯಾಟರಿಯೂ ಸಮಯವೂ ಹೆಚ್ಚು ಬೇಕು. ಕ್ಲೀನರ್ ತಾನೂ ಹಿಂದೆ ಕೂತು ಒಂದಿಷ್ಟು ರ‍್ಯಾಮ್ ತಿನ್ನುತ್ತದೆ.

ಇದು ಬರೀ ದಂಡದ ಕೆಲಸವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಫಾರ್ವರ್ಡ್‌ನ ಲಿಂಕ್‌ನಿಂದ ಬಂದ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ನಿಮ್ಮ ಬ್ಯಾಂಕ್ ಒಟಿಪಿ ಅದರ ಕೈಗೆ ಹೋಗಬಹುದು. ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳಿದರೆ ಪರದೆಯ ಮೇಲೆ ನೀವು ನೋಡುವುದನ್ನೂ ಒತ್ತುವುದನ್ನೂ ಅದು ಗಮನಿಸಬಹುದು. ಅಡಿಕೆ ಮಾರಿ ಖಾತೆಗೆ ಬಂದ ವರ್ಷದ ದುಡಿಮೆ ಇರುವುದು ಅದೇ ಫೋನಿನಲ್ಲಿ. ನೆಟ್ ಒಂದು ದಿನ ನಿಧಾನವಾದರೆ ಧಾರಣೆ ತಡವಾಗಿ ತಿಳಿಯುತ್ತದೆ. ಇಂಥ ಆ್ಯಪ್ ಒಮ್ಮೆ ಒಳಹೊಕ್ಕರೆ ಹಣವೇ ಹೋಗಬಹುದು.

ಹಾಗಾದರೆ ಏನು ಮಾಡಬೇಕು?

• ನೆಟ್ ನಿಧಾನವಾದರೆ ಪಕ್ಕದವರ ಫೋನು ನೋಡಿ. ಅದೇ ಕಂಪನಿಯ ಸಿಮ್ ಅವರಲ್ಲೂ ನಿಧಾನವಾಗಿದ್ದರೆ ತೊಂದರೆ ಟವರ್ ಕಡೆಯದು.

• ಮನೆಯಲ್ಲಿ ವೈಫೈ ಇದ್ದರೆ ಒಮ್ಮೆ ವೈಫೈ, ಒಮ್ಮೆ ಮೊಬೈಲ್ ಡೇಟಾ ಬಳಸಿ ಹೋಲಿಸಿ. ವೈಫೈ ಮಾತ್ರ ನಿಧಾನವಾದರೆ ರೂಟರ್ ಅಥವಾ ಕೇಬಲ್ ನೋಡಬೇಕು.

• ರೂಟರ್‌ನ ಲಾಗ್‌ನಲ್ಲಿ ಈ ಎಚ್ಚರಿಕೆ ಅಪರೂಪಕ್ಕೆ ಕಂಡರೆ ಹಾಗೇ ಬಿಡಿ.

• ದಿನವೂ ಬರುತ್ತಿದ್ದರೆ ರೂಟರ್ ಆರಿಸಿ ಮತ್ತೆ ಹಚ್ಚಿ. ಕೆಲವು ದಿನ ಸರಿಯಿದ್ದು ಮತ್ತೆ ಶುರುವಾದರೆ ರೂಟರ್‌ನ ಸಾಫ್ಟ್‌ವೇರ್ ಬಳಸಿದ ಜಾಗವನ್ನು ಹಿಂದಿರುಗಿಸದೆ ಹಿಡಿದಿಟ್ಟುಕೊಳ್ಳುತ್ತಿರಬಹುದು. ಹೊಸ ಸಾಫ್ಟ್‌ವೇರ್ ಹಾಕಿಕೊಡಲು ಸಂಪರ್ಕ ಕೊಟ್ಟವರಿಗೆ ಹೇಳಿ. ಅವರಿಗೆ ಇಡೀ ಸಾಲನ್ನು ಕಳಿಸಿ. ‘ಆರ್ಡರ್’ ಮುಂದಿನ ಅಂಕಿ ಚಿತ್ರದಲ್ಲಿ ಕಾಣುವಂತಿರಲಿ.

• ಹಳೆಯ ರೂಟರ್‌ಗಳಲ್ಲಿ ರ‍್ಯಾಮ್ ತೀರಾ ಕಡಿಮೆ. ಅದಕ್ಕೆ ಟಿವಿ, ಕ್ಯಾಮೆರಾ, ಐದಾರು ಫೋನು ಎಲ್ಲ ಸೇರಿಸಿದ್ದರೆ ಬದಲಿಸುವ ಸಮಯ ಬಂದಿರಬಹುದು.

• ಫೋನಿಗೆ ಅದರ ಕಂಪನಿಯೇ ಕಳಿಸುವ ಅಪ್‌ಡೇಟ್ ಹಾಕಿಕೊಳ್ಳಿ. ಕರ್ನೆಲ್‌ನ ತಿದ್ದುಪಡಿಗಳು ಬರುವುದು ಆ ದಾರಿಯಲ್ಲೇ.

• ಲಿಂಕ್‌ನಿಂದ ಆ್ಯಪ್ ಹಾಕಿಕೊಂಡು ಹಣ ಹೋಗಿದೆ ಎನಿಸಿದರೆ ಕೂಡಲೇ ನಿಮ್ಮ ಬ್ಯಾಂಕಿಗೂ, 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸಿ. ತಡಮಾಡಿದಷ್ಟೂ ಹಣ ತಡೆಯುವುದು ಕಷ್ಟ.

ಇನ್ನು ಮುಂದೆ ಆ ಕಪ್ಪು ಪರದೆಯ ಚಿತ್ರ ಗುಂಪಿನಲ್ಲಿ ಬಂದರೆ ಎರಡು ಪ್ರಶ್ನೆ ಕೇಳಿ. ಇದು ಎಷ್ಟು ಸಲ ಬಂದಿದೆ? ‘ಆರ್ಡರ್’ ಮುಂದೆ ಯಾವ ಅಂಕಿ ಇದೆ? ಚಿತ್ರ ಕಳಿಸಿದವರಿಗೆ ಇವೆರಡೂ ಗೊತ್ತಿಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸುವ ಅಗತ್ಯವಿಲ್ಲ. ಜಾಗ ಸಿಗಲಿಲ್ಲ ಎಂದು ಸಾಧನ ಇದ್ದದ್ದನ್ನು ಇದ್ದಂತೆ ಹೇಳಿದೆ. ಅದಕ್ಕೆ ಇಲ್ಲದ ಅರ್ಥ ಸೇರಿಸುವುದು ನಾವು.